ಕೂಗಿನ ಹೆಸರು, ಕೊಂಡಿ ಕಳಚಿದ ಮೇಲೆ

ಕೆರೆ ಏರಿ ಮೇಲೆ ಹಕ್ಕಿ ತೋರಿಸುತ್ತಾ ಹೊರಟರೆ ಈ ಪ್ರಶ್ನೆ ಬಂದೇ ಬರುತ್ತದೆ: "ತಾವರೆ ಎಲೆ ಮೇಲೆ ನಡೀತಿದೆಯಲ್ಲ, ಜಕಾನಾ ಅಂದ್ರಿ. ಅದು ಯಾವ ಭಾಷೆ ಸಾರ್?"

ಇಂಗ್ಲಿಷ್ ಅಂತೂ ಅಲ್ಲ. ಬ್ರೆಜಿಲ್‌ನ ಮೂಲನಿವಾಸಿಗಳ ತುಪಿ ಭಾಷೆಯದು. ಅವರು ತಮ್ಮಲ್ಲಿನ ಹಕ್ಕಿಯನ್ನು 'ಞಹನಾ' ಎನ್ನುತ್ತಿದ್ದರು. ಜೋರಾಗಿ ಕೂಗುವುದು ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಪೋರ್ಚುಗೀಸರ ಬಾಯಲ್ಲಿ ಅದು 'ಜಸನಾ' ಆಯಿತು. ಬರೆಯುವಾಗ ಅವರು 'ಸಿ' ಅಕ್ಷರದ ಕೆಳಗೊಂದು ಪುಟ್ಟ ಕೊಂಡಿ ಹಾಕುತ್ತಾರೆ. ಕೊಂಡಿ ಇದ್ದರೆ ಅದು 'ಸ'. 1648ರಲ್ಲಿ ಅಚ್ಚಾದ, ಜರ್ಮನ್ ನಿಸರ್ಗ ವಿಜ್ಞಾನಿ ಮಾರ್ಕ್‌ಗ್ರಾಫ್‌ನ ಬ್ರೆಜಿಲ್ ಪುಸ್ತಕದಿಂದ ಹೆಸರು ಯುರೋಪಿಗೆ ಗೊತ್ತಾಯಿತು. ಲ್ಯಾಟಿನ್ನಿನಲ್ಲಿ ಕೊಂಡಿ ಉಳಿಯಲಿಲ್ಲ, 'ಸ' ಹೋಗಿ 'ಕ' ಬಂತು.

ನಮ್ಮ ಕೆರೆಗಳಲ್ಲಿ ಎರಡು ಜಾತಿಗಳಿವೆ. ಕಂಚು ಬಣ್ಣದ ರೆಕ್ಕೆಯದರ ವೈಜ್ಞಾನಿಕ ಹೆಸರಿನ ಮೊದಲ ಪದ ಮೆಟೊಪಿಡಿಯಸ್. ಗ್ರೀಕಿನಲ್ಲಿ ಹಣೆಗೆ ಸಂಬಂಧಿಸಿದ್ದು ಎಂದರ್ಥ. ಅದರ ಹಣೆಯ ಮೇಲೊಂದು ಫಲಕವಿದೆ. ಕೂಟ್ ಎಂಬ ಇನ್ನೊಂದು ಕರಿ ನೀರುಹಕ್ಕಿಯನ್ನು ಹಣೆಯ ಬಿಳಿ ನೋಡಿ ನಾವೂ ನಾಮದ ಕೋಳಿ ಅನ್ನುತ್ತೇವಲ್ವಾ, ಹಾಗೆ.

ಉದ್ದ ಬಾಲದ್ದು ಹೈಡ್ರೊಫೇಸಿಯಾನಸ್ ಕಿರುರ್ಗಸ್. ಮೊದಲ ಪದ 'ನೀರಿನ ಫೆಸೆಂಟ್', ಸರಿ. ಎರಡನೆಯದು 'ಶಸ್ತ್ರವೈದ್ಯ'! ಫ್ರೆಂಚ್ ಪ್ರವಾಸಿ ಸೊನೆರಾ 1776ರಲ್ಲಿ ಫಿಲಿಪ್ಪೀನ್ಸ್‌ನ ಲುಝೋನ್ ದ್ವೀಪದ ಹಕ್ಕಿಯನ್ನು ವರ್ಣಿಸುವಾಗ ಕೊಟ್ಟ ಹೆಸರನ್ನೇ ನಿಸರ್ಗ ವಿಜ್ಞಾನಿ ಸ್ಕೋಪೋಲಿ 1786ರಲ್ಲಿ ಲ್ಯಾಟಿನ್‌ಗೆ ತಂದ. ರೆಕ್ಕೆಯ ಕೆಲವು ಉದ್ದ ಗರಿಗಳ ತುದಿಯಲ್ಲಿ ಸಣ್ಣ ಎಳೆಯಂಥದ್ದು ಚಾಚಿಕೊಂಡಿದೆ, ಸೊನೆರಾನಿಗೆ ಅದು ಆಗಿನ ವೈದ್ಯರು ರಕ್ತ ತೆಗೆಯುತ್ತಿದ್ದ ಕತ್ತಿಯಂತೆ ಕಂಡಿತು. ದುರ್ಬೀನಿನಲ್ಲಿ ಇದನ್ನು ಕಾಣುವುದು ಕಷ್ಟ. ಎಲೆ ಮೇಲೆ ಹರಡಿದ ಉದ್ದುದ್ದ ಬೆರಳುಗಳನ್ನು ನೋಡಿದವರು ಯಾರಾದರೂ ಈ ಹೆಸರಿಡುತ್ತಿದ್ದರೇ? ನನಗಂತೂ ಅನುಮಾನ. ಕೈಯಲ್ಲಿ ಹಿಡಿದು ನೋಡಿದವರ ಹೆಸರಿದು.

ಇನ್ನೊಂದು ತಮಾಷೆ. ನಮ್ಮ ಕೆರೆಗಳನ್ನು ಮುಚ್ಚಿಹಾಕುವ ನೇರಳೆ ಹೂವಿನ ವಾಟರ್ ಹಯಸಿಂತ್ ಕೂಡ ದಕ್ಷಿಣ ಅಮೆರಿಕದ್ದೇ. ಹಕ್ಕಿ ನಮ್ಮದು, ಅದರ ಹೆಸರೂ ಅದು ಓಡಾಡುವ ಕಳೆಯೂ ಆ ಕಡೆಯವು.

ಕೂಗನ್ನು ನೆನಪಿಸುವ ತುಪಿ ಜನರ ಹೆಸರೇ ನನಗೆ ಜಾಸ್ತಿ ಉಪಯೋಗಕ್ಕೆ ಬರುವುದು. ಚಳಿಗಾಲದಲ್ಲಿ ಉದ್ದ ಬಾಲದ ಜಕಾನಾಗೆ ಆ ಬಾಲವೇ ಇರುವುದಿಲ್ಲ, ಹೊಸಬರು ಗುರುತಿಸದೆ ಸುಮ್ನೆ ಮುಂದೆ ಹೋಗುತ್ತಾರೆ. ಮಳೆಗಾಲದಲ್ಲಿ ಮರಿ ಮಾಡುವ ಹೊತ್ತಿಗೆ ಬನ್ನಿ. ಕೆರೆ ಮಧ್ಯದಿಂದ ಬೆಕ್ಕು 'ಮಿಯಾಂವ್' ಅಂದಂತೆ ಕೇಳಿಸಿದರೆ ದುರ್ಬೀನನ್ನು ಆ ಕಡೆ ತಿರುಗಿಸಿ.