ಒಂದು ಸಿವುಡು ಅಂದ್ರೆ ಎಷ್ಟು ಗ್ರಾಂ?

ಬಳ್ಳಾರಿಯ ಮಾರ್ಕೆಟ್ಟಿನಲ್ಲಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. "ಮೆಂತ್ಯ ಎರಡು ಸಿವುಡು ಕೊಡಮ್ಮಾ" ಅಂದರೆ ಮುಗಿಯಿತು. ಜಾಸ್ತಿ ಅಂದ್ರೆ, ಇಷ್ಟು ಸಣ್ಣ ಸಿವುಡಿಗೆ ಇಷ್ಟು ರೇಟಾ ಅಂತ ಗೊಣಗುತ್ತೇವೆ. ಆದರೆ ಮೃಗಾಲಯದ ಪ್ರಾಣಿಗಳ ಊಟದ ಲೆಕ್ಕ ಇಡುವ ಸಾಫ್ಟ್‌ವೇರ್‌ಗೆ ಈ ಉತ್ತರ ಬೇಕೇ ಬೇಕು.

ಅಂಥ ಸಾಫ್ಟ್‌ವೇರ್‌ಗಳಲ್ಲಿ ಎರಡು ಪದ ಪದೇ ಪದೇ ಕಣ್ಣಿಗೆ ಬೀಳುತ್ತವೆ: ಫುಡ್, ಯೂನಿಟ್. ಆಹಾರ, ಅಳತೆ. ಇದರಲ್ಲೇನಿದೆ ವಿವರಿಸೋಕೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಪ್ರಾಣಿಪಾಲಕರಾಗಿರುವ ಪರಿಚಯದ ಅಣ್ಣ ಒಬ್ಬರು ಊಟದ ಪಟ್ಟಿ ತಂದು "ಇದನ್ನ ಕಂಪ್ಯೂಟರ್‌ಗೆ ಹಾಕಿಕೊಡಪ್ಪಾ" ಅನ್ನುವ ತನಕ.

ಮೊದಲು ಫುಡ್. ನಮ್ಮ ಕಡೆ ಜೋಳ ಅಂದರೆ ರೊಟ್ಟಿ. ಸಾಫ್ಟ್‌ವೇರ್‌ನಲ್ಲಿ ಬರೀ 'ಜೋಳ' ಅಂತ ಬರೆದರೆ ಅದಕ್ಕೆ ಅರ್ಥವೇ ಇಲ್ಲ. ಕಾಳೋ, ಹಿಟ್ಟೋ, ಹಸಿ ಮೇವೋ, ಒಣಗಿದ ಕಣಿಕೆಯೋ? ಬೆಳೆ ಒಂದೇ ಆದರೂ ಫುಡ್ ನಾಲ್ಕು. ನಾಲ್ಕರ ನೀರಿನಂಶ, ನಾರು, ಪ್ರೊಟೀನ್ ಎಲ್ಲಾ ಬೇರೆ ಬೇರೆ. ಇನ್ನೂ ಒಂದು ವಿಷಯ ದನ ಕಟ್ಟಿದವರಿಗೆ ಗೊತ್ತೇ ಇದೆ. ಎಳೆ ಜೋಳದ ಪೈರಿನಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿ ನಿಂತ ಪೈರಿನಲ್ಲಿ, ಹೊಟ್ಟೆಗೆ ಹೋದ ಮೇಲೆ ಸಯನೈಡ್ ಆಗುವ ಅಂಶ ಇರುತ್ತದೆ. ಪೈರು ಬಲಿತಂತೆ ಅದು ಕಮ್ಮಿಯಾಗುತ್ತದೆ. ಆದ್ದರಿಂದ 'ಜೋಳ, ಹಸಿ ಮೇವು, ತೆನೆ ಬಂದ ಮೇಲೆ ಕೊಯ್ದದ್ದು' ಅಂತ ರೈಲಿನಷ್ಟು ಉದ್ದದ ಹೆಸರು ಕೊಡುವುದು ಅತಿ ಅನ್ನಿಸಿದರೂ ಸರಿಯಾದದ್ದು ಅದೇ.

ಮಾಂಸಕ್ಕೂ ಇದೇ ಮಾತು. ಮೂಳೆ ಸಮೇತವೋ, ಬರೀ ಮಾಂಸವೋ? ಮೂಳೆ ತೆಗೆದ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ 15 ಪಟ್ಟಿಗೂ ಜಾಸ್ತಿ. ಬೆಳೆಯುವ ಮರಿಗೆ ಅದನ್ನೇ ಹಾಕುತ್ತಾ ಹೋದರೆ ಎಲುಬು ಮೆತ್ತಗಾಗುತ್ತದೆ. ಪಟ್ಟಿಯಲ್ಲಿ 'ಮಾಂಸ' ಅಂತಷ್ಟೇ ಇದ್ದರೆ ಕೊರತೆ ಇದೆಯೋ ಇಲ್ಲವೋ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಬಾಳೆಹಣ್ಣಿನಲ್ಲಿ ಸಿಪ್ಪೆಯ ತೂಕವೇ ಸುಮಾರು ಮೂರರಲ್ಲಿ ಒಂದು ಪಾಲು. ಸಿಪ್ಪೆ ಸುಲಿದು ಕೊಡುತ್ತಾರಾ, ಹಾಗೇ ಕೊಡುತ್ತಾರಾ ಅಂತಲೂ ಹೆಸರಿನಲ್ಲೇ ಹೇಳಬೇಕು.

ಇನ್ನು ಯೂನಿಟ್. ಅಣ್ಣನ ಪಟ್ಟಿಯಲ್ಲಿ ಏನಿತ್ತು ಗೊತ್ತಾ? ಸೊಪ್ಪು ಎರಡು ಸಿವುಡು, ಬಾಳೆಹಣ್ಣು ಅರ್ಧ ಡಜನ್, ರಾಗಿಹಿಟ್ಟು ಒಂದು ಸೇರು, ಬೆಲ್ಲ ಒಂದು ಹೆಂಟೆ, ಹುಲ್ಲು ಒಂದು ಹೊರೆ. ದಿನಾ ಕೈಯಲ್ಲಿ ಎತ್ತಿ ಹಾಕುವವರಿಗೆ ಇದಕ್ಕಿಂತ ಸ್ಪಷ್ಟವಾದ ಅಳತೆ ಬೇರೆ ಬೇಕಾ? ನಾನು ತೂಕ ಕೇಳಿದ್ದಕ್ಕೆ ಅವರಿಗೆ ನಗು. "ಸಿವುಡು ಅಂದ್ರ ಸಿವುಡು. ಅದಕ್ಕೆಂಥ ತೂಕನಪ್ಪಾ?"

ಇಲ್ಲೇ ಇರುವುದು ಗಂಟು. ಯೂನಿಟ್‌ನಲ್ಲಿ ಎರಡು ಜಾತಿ. ಕಿಲೋ ಮತ್ತು ಗ್ರಾಂ ಯಾವ ಪದಾರ್ಥಕ್ಕಾದರೂ ಒಂದೇ. ಸಾವಿರ ಗ್ರಾಂ ಅಂದರೆ ಒಂದು ಕಿಲೋ, ಅದು ಕಲ್ಲಂಗಡಿಯಾಗಲಿ ಕೋಳಿಯಾಗಲಿ. ಇದನ್ನು ಸಾಫ್ಟ್‌ವೇರ್‌ಗೆ ಯಾರೂ ಕಲಿಸಬೇಕಿಲ್ಲ. ಇನ್ನೊಂದು ಜಾತಿ ಸಿವುಡು, ಸೇರು, ಲೋಟ, ಹೆಂಟೆ, ಹೊರೆ. ಇವು ತಾವಾಗಿಯೇ ಏನನ್ನೂ ಹೇಳುವುದಿಲ್ಲ. ಯಾವ ಪದಾರ್ಥದ ಜೊತೆ ಬಂದಿವೆ ಅನ್ನುವುದರ ಮೇಲೆ ಅವುಗಳ ತೂಕ. ಸೇರನ್ನೇ ನೋಡಿ. ತೂಕದ ಹಳೇ ಸೇರು ಅಂದರೆ 80 ತೊಲ, ಸುಮಾರು 933 ಗ್ರಾಂ. 1962ರಿಂದ ತೂಕಕ್ಕೆ ಕಿಲೋ ಕಡ್ಡಾಯವಾಯಿತು. ಆದರೂ ಕಾಳು ಅಳೆಯುವ ಸೇರು ಹಳ್ಳಿಮನೆಗಳಲ್ಲಿ ಇನ್ನೂ ಇದೆ. ಅದು ತುಂಬುವ ಅಳತೆ. ಅದರಲ್ಲಿ ರಾಗಿ ತುಂಬಿದರೆ ಒಂದು ತೂಕ, ರಾಗಿಹಿಟ್ಟು ತುಂಬಿದರೆ ಇನ್ನೊಂದು, ಒತ್ತಿ ತುಂಬಿದರೆ ಮತ್ತೊಂದು.

ಅದಕ್ಕೇ ಇಂಥ ಅಳತೆಯನ್ನು ಆಯಾ ಫುಡ್‌ಗೇ ಕಟ್ಟಿಹಾಕಬೇಕು. 'ಒಂದು ಸಿವುಡು' ಅಂತ ಒಂದೇ ಯೂನಿಟ್ ಮಾಡಿ ಎಲ್ಲಾ ಸೊಪ್ಪಿಗೂ ಅದನ್ನೇ ಬಳಸಿದರೆ ಕೆಟ್ಟಿತು. ಮೆಂತ್ಯದ ಸಿವುಡಿಗೆ ಒಂದು ಗ್ರಾಂ ಲೆಕ್ಕ, ಪಾಲಕ್‌ಗೆ ಬೇರೆ ಲೆಕ್ಕ. ಆ ಅಂಕಿ ಇಂಟರ್ನೆಟ್‌ನಲ್ಲಿ ಸಿಗುವುದಿಲ್ಲ, ತಕ್ಕಡಿಯಲ್ಲೇ ಸಿಗಬೇಕು. ನಾನು ಸುಮ್ನೆ ಮನೆಗೆ ತಂದ ಮೆಂತ್ಯವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಗೆ ಹಾಕಿದೆ. ಒಬ್ಬರೇ ಕಟ್ಟಿದ ಸಿವುಡು. ಒಂದು 140 ಗ್ರಾಂ, ಇನ್ನೊಂದು 205. ಬೇರು ಕತ್ತರಿಸಿ, ನೀರು ಕೊಡವಿ ಇಟ್ಟರೆ ಮೊದಲನೆಯದು 110ಕ್ಕೆ ಇಳಿಯಿತು. ಹತ್ತು ಸಿವುಡು ತೂಗಿ ಸರಾಸರಿ ತೆಗೆಯಿರಿ ಅಂತ ಅಣ್ಣನಿಗೆ ಹೇಳಿದೆ. ಪ್ರಾಣಿಯ ಮುಂದೆ ಇಡುವ ಸ್ಥಿತಿಯಲ್ಲೇ ತೂಗಬೇಕು, ಮಾರ್ಕೆಟ್ಟಿಂದ ಬಂದ ಹಾಗಲ್ಲ.

ಗ್ರಾಂ ಯಾಕೆ ಇಷ್ಟು ಮುಖ್ಯ ಅಂದರೆ, ಅದರ ಹಿಂದೆ ಇನ್ನೊಂದು ಪದ ಕಾದಿರುತ್ತದೆ: ಡ್ರೈ ಮ್ಯಾಟರ್. ನೀರೆಲ್ಲಾ ಹೋದ ಮೇಲೆ ಉಳಿಯುವ ಒಣ ಅಂಶ. ಒಂದು ಕಿಲೋ ಕಲ್ಲಂಗಡಿಯಲ್ಲಿ ನೀರೇ 900 ಗ್ರಾಂ ದಾಟುತ್ತದೆ. ಒಂದು ಕಿಲೋ ರಾಗಿಹಿಟ್ಟಿನಲ್ಲಿ ನೀರು 100 ಗ್ರಾಂ ಚಿಲ್ಲರೆ ಅಷ್ಟೇ. ತಟ್ಟೆಯಲ್ಲಿ ಎರಡೂ ಒಂದು ಕಿಲೋ, ಹೊಟ್ಟೆಯಲ್ಲಿ ಹಾಗಲ್ಲ. ಪೋಷಕಾಂಶಗಳನ್ನು ಹೋಲಿಸುವಾಗ ಒಣ ಅಂಶವನ್ನೇ ನೋಡುವುದು ಇದಕ್ಕೇ.

ಎಲ್ಲಕ್ಕಿಂತ ಜಾಸ್ತಿ ತಲೆ ತಿಂದಿದ್ದು ಕರಡಿಯ ಗಂಜಿ. ಕರಡಿ ನಮಗೆ ಹೊಸದಲ್ಲ. ಸಂಡೂರು ಕಡೆಯ ದರೋಜಿಯಲ್ಲಿ 1994ರಲ್ಲೇ ಕರಡಿಧಾಮ ಆಯಿತು. ಮೃಗಾಲಯಗಳಲ್ಲಿ ಕರಡಿಗೆ ಹಣ್ಣು, ಮೊಟ್ಟೆಯ ಜೊತೆ ರಾಗಿ ಗಂಜಿ ಕೊಡುವುದು ರೂಢಿ. ಪಟ್ಟಿಯಲ್ಲಿ 'ಗಂಜಿ 2 ಕಿಲೋ' ಅಂತ ಇತ್ತು. ಬೇಯಿಸಿದ ಮೇಲೆ ಎರಡು ಕಿಲೋನೋ, ಹಿಟ್ಟೇ ಎರಡು ಕಿಲೋನೋ? ಒಂದು ಪಾಲು ಹಿಟ್ಟಿಗೆ ಐದು ಪಾಲು ನೀರು ಸುರಿದರೆ, ಎರಡು ಕಿಲೋ ಗಂಜಿಯಲ್ಲಿ ಹಿಟ್ಟು ಮುನ್ನೂರು ಗ್ರಾಂ ಚಿಲ್ಲರೆ ಮಾತ್ರ. ಹಾಗಾಗಿ ಗಂಜಿಯನ್ನು ಒಂದು ಫುಡ್ ಅಂತ ಬರೆಯದೆ ರೆಸಿಪಿ ಅಂತ ಬರೆಯಬೇಕು. ಹಿಟ್ಟು ಇಷ್ಟು, ಬೆಲ್ಲ ಇಷ್ಟು, ಹಾಲು ಇಷ್ಟು, ನೀರು ಇಷ್ಟು. ಎಲ್ಲಾ ಸೇರಿ ಇಳಿಸಿದಾಗ ಎಷ್ಟು ತೂಗಿತು ಅನ್ನುವುದೂ ಬೇಕು, ಯಾಕಂದರೆ ಕುದಿಯುವಾಗ ನೀರು ಹಾರುತ್ತದೆ. ನೀರನ್ನು ಬರೆಯಲು ಮರೆಯುವವರೇ ಜಾಸ್ತಿ. ನಾನೂ ಮರೆತಿದ್ದೆ.

ಸಣ್ಣ ಎಡವಟ್ಟುಗಳ ಪೈಕಿ ಒಂದನ್ನಾದರೂ ಹೇಳಬೇಕು. ಪಕ್ಕದ ಕಾಲಂನಲ್ಲಿ ಕಿಲೋ ಅಂತ ಇದ್ದಾಗ 500 ಅಂತ ಒತ್ತಿದರೆ ಮೊಲ ಅರ್ಧ ಟನ್ ಕ್ಯಾರೆಟ್ ತಿನ್ನುತ್ತದೆ. ಇದು ಪರವಾಗಿಲ್ಲ, ನೋಡಿದ ತಕ್ಷಣ ನಗು ಬರುತ್ತದೆ, ಸರಿಮಾಡುತ್ತೇವೆ. ಸಿವುಡನ್ನು 140ರ ಬದಲು 200 ಅಂತ ಬರೆದದ್ದು ಮಾತ್ರ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದು.

ಹಾಗಂತ ಒಮ್ಮೆ ಬರೆದರೆ ಮುಗಿಯಿತು ಅಂತಲೂ ಅಲ್ಲ. ಬಿಸಿಲು ಏರಿ ಸೊಪ್ಪು ತುಟ್ಟಿಯಾದಾಗ ಸಿವುಡು ಸಣ್ಣಗಾಗುತ್ತದೆ. ಆಗ ಹಳೇ ಅಂಕಿ ಅಳಿಸಿ ಹೊಸದು ಬರೆದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಹಿಂದಿನ ತಿಂಗಳ ಲೆಕ್ಕವೂ ಬದಲಾಗಿಬಿಡಬಹುದು. 'ಮೆಂತ್ಯ ಸಿವುಡು, ಬೇಸಿಗೆ' ಅಂತ ಬೇರೆಯದೇ ಯೂನಿಟ್ ಮಾಡುವುದು ವಾಸಿ.

"ಹಂಗಾರ ಬ್ಯಾಸಿಗ್ಯಾಗ ಮತ್ತ ತೂಗಬೇಕೇನಪ್ಪಾ?" ಅಂದರು ಅಣ್ಣ.

"ತೂಗಬೇಕಣ್ಣಾ. ಹತ್ತು ಸಿವುಡು."