ಮಾಂಸದ ಮೇಲಿನ ಮುದ್ರೆ, ನಾಲಿಗೆಯ ತಕರಾರು

ಕಲ್ಲಂಗಡಿ ಕೊಳ್ಳುವಾಗ ತಟ್ಟಿ ನೋಡುತ್ತೇವೆ. ಬೆಂಡೆಕಾಯಿ ಆದರೆ ತುದಿ ಮುರಿದು ನೋಡುತ್ತೇವೆ, ಅಂಗಡಿಯವನು ಬೈದರೂ ಸರಿ. ಆದರೆ ಮಾಂಸ ಮೆತ್ತಗಿದೆಯೋ ಇಲ್ಲವೋ ಅಂತ ಅಂಗಡಿಯಲ್ಲೇ ನಿಂತು ಹೇಳುವುದು ಹೇಗೆ? ಬೇಯಿಸಿ ಬಾಯಿಗಿಟ್ಟ ಮೇಲೇ ಅದು ಗೊತ್ತಾಗುವುದು. ಅಮೆರಿಕದ ಬೀಫ್ ಉದ್ಯಮ ಸುಮಾರು ನೂರು ವರ್ಷದಿಂದ ಈ ಒಗಟಿನ ಜೊತೆ ಗುದ್ದಾಡುತ್ತಿದೆ.

ಅಲ್ಲಿನ ಅಂಗಡಿಗಳಲ್ಲಿ ಬೀಫ್ ಪೊಟ್ಟಣದ ಮೇಲೆ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂಬ ದರ್ಜೆಯ ಮುದ್ರೆ ಕಾಣುತ್ತದೆ, ಮೇಲಿನಿಂದ ಕೆಳಕ್ಕೆ ಅದೇ ಕ್ರಮದಲ್ಲಿ. ಇದು ಮಾಂಸ ತಿನ್ನಲು ಯೋಗ್ಯ ಎಂಬ ಸರ್ಟಿಫಿಕೇಟ್ ಅಂದುಕೊಳ್ಳುವವರು ಬಹಳ. ಹಾಗಲ್ಲ. ಯೋಗ್ಯವೋ ಅಲ್ಲವೋ ಎಂಬ ತಪಾಸಣೆ ಬೇರೆಯೇ ಇದೆ. 1906ರ ಕಾನೂನಿನಿಂದ ಬಂದದ್ದು, ಕಡ್ಡಾಯ. ದರ್ಜೆಯ ಮುದ್ರೆ ಮಾತ್ರ ಕಂಪನಿಗಳು ಬೇಕಿದ್ದರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳುವಂಥದ್ದು.

ಅಮೆರಿಕದ ಕೃಷಿ ಇಲಾಖೆ ದರ್ಜೆಗಳ ಕರಡು ಮಾಡಿದ್ದು 1916ರಲ್ಲಿ. ಮುದ್ರೆ ಒತ್ತಲು ಶುರು ಮಾಡಿದ್ದು 1927ರಲ್ಲಿ. ಇದಕ್ಕಾಗಿ ಜೋರಾಗಿ ಒತ್ತಾಯಿಸಿದವರು ತಿನ್ನುವವರಲ್ಲ, ಒಳ್ಳೆಯ ತಳಿಯ ದನ ಸಾಕುವವರು. ಮೆಕ್ಕೆಜೋಳ ಹಾಕಿ ಕೊಬ್ಬಿಸಿದ ದನಕ್ಕೂ ಬಡಕಲು ದನಕ್ಕೂ ಒಂದೇ ಬೆಲೆ ಆದರೆ ಯಾರಿಗೆ ತಾನೇ ಹೊಟ್ಟೆ ಉರಿಯಲ್ಲ? ಹಾಗಾಗಿ ಅಳತೆಗೋಲು ಮೊದಲಿನಿಂದಲೂ ನೆಣದ ಕಡೆಗೇ ವಾಲಿತು.

ಅಳೆಯುವ ರೀತಿ ಹೀಗೆ. 12ನೇ ಮತ್ತು 13ನೇ ಪಕ್ಕೆಲುಬಿನ ನಡುವೆ ಕತ್ತರಿಸುತ್ತಾರೆ. ಅಲ್ಲಿ ಕಾಣುವ ಕೆಂಪು ಮಾಂಸದೊಳಗೆ ಬಿಳಿ ನೆಣದ ಗೆರೆಗಳು ಎಷ್ಟು ಹರಡಿವೆ ಅಂತ ನೋಡುತ್ತಾರೆ. ಇದೇ ಮಾರ್ಬ್ಲಿಂಗ್. ಜೊತೆಗೆ ಮೂಳೆ ನೋಡಿ ದನದ ವಯಸ್ಸು ಅಂದಾಜು ಮಾಡುತ್ತಾರೆ. ಎಳೆಯ ದನ, ಜಾಸ್ತಿ ಗೆರೆ ಅಂದರೆ ಪ್ರೈಮ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಲೆ ನಿಯಂತ್ರಣಕ್ಕಾಗಿ ಸರ್ಕಾರ ದರ್ಜೆಯನ್ನು ಕಡ್ಡಾಯ ಮಾಡಿತು. ದರ್ಜೆಯ ಮುದ್ರೆ ಜನರಿಗೆ ಪರಿಚಿತವಾದದ್ದು ಆಗಲೇ.

ತೊಂದರೆ ಏನೆಂದರೆ, ನೆಣದ ಗೆರೆಗೂ ಮೆತ್ತಗಿರುವುದಕ್ಕೂ ನಂಟು ಇದೆ, ಆದರೆ ಅಷ್ಟೇನೂ ಗಟ್ಟಿ ನಂಟಲ್ಲ. ರಸ, ರುಚಿಗೆ ಅದು ಸಹಾಯ ಮಾಡುತ್ತದೆ. ಮೆತ್ತಗಾಗುವುದು ಬೇರೆ ಹಲವು ಕಾರಣಗಳಿಂದ: ತಳಿ, ದನದ ವಯಸ್ಸು, ಯಾವ ಭಾಗದ ಮಾಂಸ, ಕಡಿದ ಮೇಲೆ ತಣ್ಣಗೆ ಎಷ್ಟು ದಿನ ಇಟ್ಟರು, ಹೇಗೆ ಬೇಯಿಸಿದರು. ಮುದ್ರೆ ಇದರಲ್ಲಿ ಎಷ್ಟನ್ನು ಹೇಳಬಲ್ಲದು?

1976ರಲ್ಲಿ ಪ್ರೈಮ್ ಮತ್ತು ಚಾಯ್ಸ್‌ಗೆ ಬೇಕಾದ ನೆಣದ ಮಟ್ಟವನ್ನು ಇಳಿಸಿದರು. ಎರಡೇ ವರ್ಷದಲ್ಲಿ ಆಂಗಸ್ ಎಂಬ ಕಪ್ಪು ದನದ ತಳಿಯ ಸಾಕಣೆದಾರರ ಸಂಘ 'ಸರ್ಟಿಫೈಡ್ ಆಂಗಸ್ ಬೀಫ್' ಎಂಬ ತನ್ನದೇ ಬ್ರಾಂಡ್ ತಂದಿತು. 1978ರಲ್ಲಿ ಒಹಾಯೋದ ಕೊಲಂಬಸ್‌ನ ಒಂದು ಅಂಗಡಿಯಲ್ಲಿ ಮೊದಲ ಮಾರಾಟ. ಮಾಮೂಲಿ ಚಾಯ್ಸ್‌ಗಿಂತ ಜಾಸ್ತಿ ಗೆರೆ ಇರಬೇಕು, ದನದ ಮೈ ಬಹುಪಾಲು ಕಪ್ಪಾಗಿರಬೇಕು ಎಂಬುದು ಅದರ ಷರತ್ತು. ಚರ್ಮದ ಬಣ್ಣಕ್ಕೂ ನಾಲಿಗೆಗೂ ಏನು ಸಂಬಂಧ ಅಂತ ಕೇಳಬೇಡಿ. ಕಪ್ಪು ದನಕ್ಕೆ ಜಾಸ್ತಿ ದುಡ್ಡು ಅಂತಾದ ಮೇಲೆ ಹಟ್ಟಿಗಳೇ ಕಪ್ಪಾಗುತ್ತಾ ಹೋದವು.

ಅಷ್ಟರಲ್ಲಿ ಕೊಬ್ಬಿನ ಭಯ ಶುರುವಾಗಿತ್ತು. 1977ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಕೊಬ್ಬು ಕಡಿಮೆ ತಿನ್ನಿ ಅಂದಿತು. ಜನ ಕೋಳಿಯ ಕಡೆ ತಿರುಗಿದರು. ಬೀಫ್‌ನವರೂ ಮಾತು ಬದಲಿಸಿದರು. ಅಂಗಡಿಗಳು ಅಂಚಿನ ಕೊಬ್ಬನ್ನು ಕತ್ತರಿಸಿ ಎಸೆಯತೊಡಗಿದವು. 1987ರಲ್ಲಿ 'ಗುಡ್' ಎಂಬ ದರ್ಜೆಗೆ 'ಸೆಲೆಕ್ಟ್' ಎಂಬ ಹೊಸ ಹೆಸರು ಬಂತು. ಕೊಬ್ಬು ಕಡಿಮೆ ಇರುವ ಮಾಂಸಕ್ಕೆ ಒಂದು ಗೌರವದ ಹೆಸರು ಬೇಕಿತ್ತು, ಅಷ್ಟೆ. ಅದೇ ಕಾಲದ ಗ್ರಾಹಕ ಅಧ್ಯಯನವೊಂದರಲ್ಲಿ ಜನ ಚಾಯ್ಸನ್ನು ರುಚಿಗಾಗಿ ಮೆಚ್ಚಿದರು, ಸೆಲೆಕ್ಟನ್ನು ಕೊಬ್ಬು ಕಡಿಮೆ ಅಂತ ಮೆಚ್ಚಿದರು. ಎರಡೂ ಬೇಕು ಅಂತಾಯಿತು. ಕೊಳ್ಳುವವರು ಹೀಗೇ, ಅಲ್ವಾ?

1991ರಲ್ಲಿ ಉದ್ಯಮ ತನ್ನ ತಪ್ಪುಗಳನ್ನು ತಾನೇ ಲೆಕ್ಕ ಹಾಕಲು ಕೂತಿತು. 'ನ್ಯಾಷನಲ್ ಬೀಫ್ ಕ್ವಾಲಿಟಿ ಆಡಿಟ್' ಎಂಬ ಈ ಲೆಕ್ಕಾಚಾರ ಈಗಲೂ ಸುಮಾರು ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಮೊದಲ ಸಲ ಸಿಕ್ಕ ಉತ್ತರ: ಒಂದೊಂದು ದನಕ್ಕೂ ಸುಮಾರು 280 ಡಾಲರ್ ಸುಮ್ನೆ ಪೋಲಾಗುತ್ತಿದೆ. ಅದರಲ್ಲಿ ದೊಡ್ಡ ಪಾಲು ಯಾರಿಗೂ ಬೇಡದ ಕೊಬ್ಬಿನದ್ದು. ಬರೆ ಹಾಕಿ ಹಾಳಾದ ಚರ್ಮವೂ ಲೆಕ್ಕಕ್ಕೆ ಬಂತು. ಇಂಜೆಕ್ಷನ್ ಚುಚ್ಚಿದ ಜಾಗದ ಗಾಯಗಳೂ ಬಂದವು. ದನಕ್ಕೆ ಸೂಜಿ ಚುಚ್ಚುತ್ತಿದ್ದುದು ಹಿಂಭಾಗಕ್ಕೆ, ಅಂದರೆ ಬೆಲೆಬಾಳುವ ಮಾಂಸಕ್ಕೇ. ಗಾಯ ಒಳಗೇ ಗಂಟು ಕಟ್ಟಿ, ಕೊನೆಗೆ ಯಾರದ್ದೋ ತಟ್ಟೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಪರಿಹಾರ ಎಷ್ಟು ಸರಳ ನೋಡಿ: ಸೂಜಿಯನ್ನು ಕುತ್ತಿಗೆಗೆ ಚುಚ್ಚಿ ಅಂತ ರೈತರಿಗೆ ಕಲಿಸಿದರು. ಹತ್ತು ವರ್ಷದೊಳಗೆ ಆ ದೂರು ಬಹುಮಟ್ಟಿಗೆ ಇಳಿಯಿತು. ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಆಸ್ಟ್ರೇಲಿಯಾ ಇದೇ ಒಗಟನ್ನು ಇನ್ನೊಂದು ತುದಿಯಿಂದ ಹಿಡಿಯಿತು. 1990ರ ದಶಕದ ಕೊನೆಗೆ ಬಂದ 'ಮೀಟ್ ಸ್ಟ್ಯಾಂಡರ್ಡ್ಸ್ ಆಸ್ಟ್ರೇಲಿಯಾ' ಇಡೀ ದನಕ್ಕೆ ಒಂದೇ ದರ್ಜೆ ಕೊಡುವುದಿಲ್ಲ. ಸಾವಿರಾರು ಸಾಮಾನ್ಯ ಜನರಿಗೆ ತಿನ್ನಿಸಿ, ಅವರು ಕೊಟ್ಟ ಅಂಕಗಳ ಮೇಲೆ, ಈ ಭಾಗವನ್ನು ಹೀಗೆ ಬೇಯಿಸಿದರೆ ಇಷ್ಟು ಚೆನ್ನಾಗಿರುತ್ತದೆ ಅಂತ ಹೇಳುತ್ತದೆ. ಅಮೆರಿಕದವರು ಈ ದಾರಿ ಹಿಡಿಯಲಿಲ್ಲ. ಅವರು ಮಾರ್ಬ್ಲಿಂಗ್ ಅಳೆಯಲು ಕ್ಯಾಮೆರಾ ತಂದರು. ಅಳತೆ ಚುರುಕಾಯಿತು, ಅಳೆಯುವುದು ಮಾತ್ರ ಹಳೆಯದ್ದೇ.

ಹಾಗಂತ ನೆಣ ಸೋತಿಲ್ಲ. ಹಿಂದೆ ನೂರಕ್ಕೆ ಎರಡು ಮೂರು ದನಕ್ಕೆ ಸಿಗುತ್ತಿದ್ದ ಪ್ರೈಮ್ ಮುದ್ರೆ ಈಗ ಸುಮಾರು ಹತ್ತಕ್ಕೆ ಸಿಗುತ್ತದೆ. ಆದರೆ ಇಷ್ಟು ನೆಣ ಬರಲು ದನಕ್ಕೆ ಜಾಸ್ತಿ ದಿನ ಮೇವು ಹಾಕುತ್ತಾರೆ, ದನವೂ ದೊಡ್ಡದಾಗುತ್ತದೆ. 1991ರ ಆಡಿಟ್‌ನಲ್ಲಿ ಕಡಿದು ಚರ್ಮ, ಕರುಳು ತೆಗೆದ ಮೇಲೆ ದನದ ಸರಾಸರಿ ತೂಕ ಸುಮಾರು 345 ಕಿಲೋ ಇತ್ತು. 2016ಕ್ಕೆ ಅದು 390 ದಾಟಿತು. ಪಕ್ಕೆಯ ಮಾಂಸದ ಅಗಲವೂ ಹಿಗ್ಗಿತು. ಹೋಟೆಲಿನವರಿಗೆ ಬೇಕಿರುವುದು ತಟ್ಟೆಗೆ ಹಿಡಿಸುವ, ಇಂತಿಷ್ಟೇ ತೂಕದ ತುಂಡು. ಅಗಲ ಜಾಸ್ತಿ ಆದರೆ ಅದೇ ತೂಕಕ್ಕೆ ತೆಳ್ಳಗೆ ಕತ್ತರಿಸಬೇಕು. ತೆಳ್ಳಗಿನ ತುಂಡು ಕಾವಲಿಯ ಮೇಲೆ ಒಂದು ನಿಮಿಷ ಹೆಚ್ಚು ಕೂತರೂ ಒಣಗಿ ಗಟ್ಟಿಯಾಗುತ್ತದೆ, ಅದರ ಮೇಲೆ ಪ್ರೈಮ್ ಅಂತ ಬರೆದಿದ್ದರೂ.