ತೆಳು ತಂತಿ ಮತ್ತು ಮಲೆನಾಡಿನ ಮಳೆ

ಗಿಟಾರ್ ಕಲಿಯಲು ಶುರು ಮಾಡಿದವರು ಮೊದಲ ತಿಂಗಳು ರಾಗ, ತಾಳದ ಬಗ್ಗೆ ಮಾತಾಡುವುದು ಕಡಿಮೆ, ಬೆರಳು ನೋವಿನ ಬಗ್ಗೆ ಜಾಸ್ತಿ. ಅಡಿಕೆ ಸುಲಿದು ಕೈ ಜಡ್ಡುಗಟ್ಟಿದವರಿಗೂ ಇದರಿಂದ ವಿನಾಯಿತಿ ಇಲ್ಲ. ಉಕ್ಕಿನ ತಂತಿ ಕೊರೆಯುವುದು ಎಡಗೈ ಬೆರಳಿನ ತುದಿಯನ್ನೇ. ಆಗ ಗೊತ್ತಿರುವವರು ಯಾರಾದರೂ ಒಂದು ಸಲಹೆ ಕೊಡುತ್ತಾರೆ: "ಎಕ್ಸ್‌ಟ್ರಾ ಲೈಟ್ ತಂತಿ ಹಾಕ್ಸು, ಸರಿ ಹೋಗತ್ತೆ."

ಸರಿ ಹೋಗುತ್ತದಾ? ಸ್ವಲ್ಪ ಮಟ್ಟಿಗೆ. ಆದರೆ ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಇರುವವರು ತೆಳು ತಂತಿ ಹಾಕಿಸಲು ಬೆರಳು ನೋವಿಗಿಂತ ಒಳ್ಳೆಯ ಕಾರಣ ಬೇರೆ ಇದೆ. ಅಲ್ಲಿಗೆ ಬರುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ.

ತಂತಿಯ ಸೆಟ್‌ಗಳನ್ನು ಗುರುತಿಸುವುದು ಮೊದಲನೇ ತಂತಿಯ, ಅಂದರೆ ಎಲ್ಲಕ್ಕಿಂತ ತೆಳುವಾದದ್ದರ ದಪ್ಪದಿಂದ. ಒಂದು ಇಂಚನ್ನು ಸಾವಿರ ಪಾಲು ಮಾಡಿ, ಅದರಲ್ಲಿ ಹತ್ತು ಪಾಲಿನಷ್ಟು ದಪ್ಪ ಇದ್ದರೆ 10ರ ಸೆಟ್. ಇದೇ ಎಕ್ಸ್‌ಟ್ರಾ ಲೈಟ್. 12ರದ್ದು ಲೈಟ್, 13ರದ್ದು ಮೀಡಿಯಂ. ನಡುವೆ 11ರದ್ದೂ ಸಿಗುತ್ತದೆ. ಮಿಲಿಮೀಟರ್‌ನಲ್ಲಿ ಹೇಳುವುದಾದರೆ 10ರ ತಂತಿ ಸುಮಾರು 0.25, 12ರದ್ದು ಸುಮಾರು 0.30. ವ್ಯತ್ಯಾಸ ನಿಜಕ್ಕೂ ಕೂದಲೆಳೆಯಷ್ಟು. ಇಷ್ಟಕ್ಕೆ ಏನಾಗಿಬಿಡುತ್ತದೆ ಅಂತ ಅನ್ನಿಸಬಹುದು.

ಆಗುವುದು ಬಹಳ. ತಂತಿಯ ಶ್ರುತಿ ಮೂರು ವಿಷಯಗಳ ಮೇಲೆ ನಿಂತಿದೆ: ಉದ್ದ, ಎಳೆತ, ಮತ್ತು ಪ್ರತಿ ಮೀಟರಿಗೆ ತಂತಿಯ ತೂಕ. ಫ್ರಾನ್ಸಿನ ಪಾದ್ರಿ ಮರಾಂ ಮರ್ಸೆನ್ 1636ರಲ್ಲೇ ಈ ನಿಯಮಗಳನ್ನು ಪ್ರಕಟಿಸಿದ್ದ. ಗಿಟಾರ್‌ನಲ್ಲಿ ಉದ್ದ ಬದಲಾಗುವುದಿಲ್ಲ, ಶ್ರುತಿಯೂ ಅದೇ ಬೇಕು. ಹಾಗಾಗಿ ತೂಕ ಎಷ್ಟು ಇಳಿಯುತ್ತದೋ ಎಳೆತವೂ ಅದೇ ಪ್ರಮಾಣದಲ್ಲಿ ಇಳಿಯಲೇಬೇಕು. ತೂಕ ದಪ್ಪದ ವರ್ಗಕ್ಕೆ ತಕ್ಕಂತೆ ಇರುತ್ತದೆ. 12ರ ವರ್ಗ 144, ಹತ್ತರದ್ದು 100. ಅಂದರೆ ಸುಮಾರು 31% ಕಡಿಮೆ. ತಂತಿಯ ಉದ್ದ 25.5 ಇಂಚು ಇರುವ ಗಿಟಾರ್‌ನಲ್ಲಿ 12ರ ಮೊದಲ ತಂತಿ ಸುಮಾರು 10.5 ಕೆಜಿಯಷ್ಟು ಎಳೆಯುತ್ತದೆ, 10ರದ್ದು 7.3 ಕೆಜಿ. ಆರೂ ತಂತಿ ಸೇರಿಸಿದರೆ ಲೈಟ್ ಸೆಟ್ ಸುಮಾರು 74 ಕೆಜಿ, ಎಕ್ಸ್‌ಟ್ರಾ ಲೈಟ್ ಸುಮಾರು 57 ಕೆಜಿ. ಕಂಪನಿಯಿಂದ ಕಂಪನಿಗೆ ಒಂದೆರಡು ಕೆಜಿ ಹೆಚ್ಚುಕಮ್ಮಿ.

ಇಲ್ಲಿ ಒಂದು ತಪ್ಪು ತಿಳುವಳಿಕೆ ತುಂಬಾ ಹರಡಿದೆ. ತೆಳು ತಂತಿ ಅಂದರೆ ಬೇಗ ಹರಿಯುತ್ತದೆ, ಶ್ರುತಿ ಏರಿಸಿದರೆ ಪಟ್ ಅನ್ನುತ್ತದೆ ಅಂತ. ಲೆಕ್ಕ ಹಾಗೆ ಹೇಳುವುದಿಲ್ಲ. ತಂತಿ ತೆಳುವಾದಷ್ಟೂ ಎಳೆತವೂ ಇಳಿದಿರುತ್ತದಲ್ವಾ? ಎರಡನ್ನೂ ಭಾಗಿಸಿ ನೋಡಿ. 10 ಆಗಲಿ 12 ಆಗಲಿ, ಉಕ್ಕಿನ ಪ್ರತಿ ಚದರ ಮಿಲಿಮೀಟರ್ ಹೊರುವ ಭಾರ ಒಂದೇ, ಸುಮಾರು 145 ಕೆಜಿ. ಈ ಜಾತಿಯ ಉಕ್ಕಿನ ತಂತಿ 250 ಕೆಜಿಗೂ ಮೀರಿ ತಡೆಯುತ್ತದೆ. ಹೊಸ ತಂತಿ ಬರೀ ಶ್ರುತಿ ಮಾಡಿದ್ದಕ್ಕೇ ಹರಿದರೆ ದಪ್ಪದ ಮೇಲೆ ಹಾಕಬೇಡಿ. ಹಲಗೆಯ ಕಡೆ ತಂತಿ ಕೂರುವ ಪಟ್ಟಿಯ, ಅಂದರೆ ಸ್ಯಾಡಲ್‌ನ, ಚೂಪು ಅಂಚನ್ನೋ, ತಿರುಗಣೆಯ ಹತ್ತಿರ ತಂತಿ ಮುರಿದಂತೆ ಬಾಗಿದ ಜಾಗವನ್ನೋ ನೋಡಿ.

ಇನ್ನು ಬೆರಳು ನೋವು. ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ಮೊದಲನೇ ಫ್ರೆಟ್‌ನಲ್ಲಿ ಒತ್ತುವುದೇ ಕಷ್ಟ, ಅಲ್ಲಿ ಹಿಡಿಯುವ ಎಫ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸುವ ಹಿಡಿತ) ಅಂದರೆ ಕಲಿಯುವವರಿಗೆ ಜ್ವರ ಬರುವುದು ಅದಕ್ಕೇ. ಆ ಫ್ರೆಟ್ ನಟ್‌ನಿಂದ, ಅಂದರೆ ಕುತ್ತಿಗೆಯ ಮೇಲ್ತುದಿಯ ಬಿಳಿ ಪಟ್ಟಿಯಿಂದ, ಬರೀ 36 ಮಿಲಿಮೀಟರ್ ದೂರದಲ್ಲಿರುತ್ತದೆ. ಒತ್ತಲು ಬೇಕಾದ ಬಲ ಎರಡರಿಂದ ಬರುತ್ತದೆ: ತಂತಿಯ ಎಳೆತ, ಮತ್ತು ಫ್ರೆಟ್‌ನಿಂದ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದು. 12ರ ಮೊದಲ ತಂತಿ ಅರ್ಧ ಮಿಲಿಮೀಟರ್ ಎತ್ತರದಲ್ಲಿದ್ದರೆ ಸುಮಾರು 155 ಗ್ರಾಂ ಭಾರದಷ್ಟು ಒತ್ತಬೇಕು. ನಟ್‌ನಲ್ಲಿ ತಂತಿ ಕೂರುವ ಕಚ್ಚು ಸರಿಯಾಗಿ ಕೊರೆಯದೆ ತಂತಿ ಒಂದು ಮಿಲಿಮೀಟರ್ ಎತ್ತರದಲ್ಲಿದ್ದರೆ 310 ಗ್ರಾಂ. ಅದೇ ಕೆಟ್ಟ ನಟ್ ಮೇಲೆ 10ರ ತಂತಿ ಹಾಕಿದರೆ 215 ಗ್ರಾಂ ಆಸುಪಾಸು.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಸರಿಯಾಗಿ ಕೊರೆದ ನಟ್ ಮೇಲಿನ ದಪ್ಪ ತಂತಿ, ಎತ್ತರದ ನಟ್ ಮೇಲಿನ ತೆಳು ತಂತಿಗಿಂತ ಸುಲಭ! ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ನಟ್ ಎತ್ತರವಾಗಿಯೇ ಬರುವುದು ಜಾಸ್ತಿ. ಕಾರ್ಖಾನೆಯಲ್ಲಿ ಕೊನೆಯ ಅರ್ಧ ಮಿಲಿಮೀಟರ್ ಉಜ್ಜಲು ಕೈಕೆಲಸ ಬೇಕು, ಸಮಯ ಬೇಕು. ಪರೀಕ್ಷೆ ಸುಲಭ. ಮೊದಲನೇ ಫ್ರೆಟ್‌ಗೆ ಕೇಪೋ, ಅಂದರೆ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿ, ಅದರಾಚೆ ಅದೇ ಆಕಾರದ ಕಾರ್ಡ್ ಹಿಡಿಯಿರಿ. ದಿಢೀರ್ ಅಂತ ಹಗುರ ಅನ್ನಿಸಿದರೆ ತಪ್ಪು ತಂತಿಯದ್ದಲ್ಲ, ನಟ್‌ನದ್ದು. ರಿಪೇರಿಯವರ ಹತ್ತಿರ ಅರ್ಧ ಗಂಟೆಯ ಕೆಲಸ.

ಇನ್ನೊಂದು ಪರೀಕ್ಷೆಗೆ ಕಾಸೂ ಖರ್ಚಿಲ್ಲ. ಈಗಿರುವ 12ರ ಸೆಟ್ಟನ್ನೇ ಒಂದು ಪೂರ್ತಿ ಸ್ವರ, ಅಂದರೆ ಎರಡು ಫ್ರೆಟ್‌ನಷ್ಟು ಕೆಳಗೆ ಶ್ರುತಿ ಮಾಡಿ. ಎಳೆತ ಸುಮಾರು 21% ಇಳಿಯುತ್ತದೆ. 74 ಕೆಜಿ ಇದ್ದದ್ದು 59ರ ಹತ್ತಿರಕ್ಕೆ ಬರುತ್ತದೆ. ಅದು ಹೆಚ್ಚುಕಡಿಮೆ ಎಕ್ಸ್‌ಟ್ರಾ ಲೈಟ್‌ನ ಎಳೆತವೇ. ಎರಡು ದಿನ ನುಡಿಸಿ, ಬೆರಳಿಗೆ ಹಿತ ಅನ್ನಿಸಿದರೆ ಆಮೇಲೆ ಅಂಗಡಿಗೆ ಹೋಗಿ. ಹಾಡುವವರ ಜೊತೆ ಮೂಲ ಶ್ರುತಿ ಬೇಕಾದಾಗ ಎರಡನೇ ಫ್ರೆಟ್‌ಗೆ ಕೇಪೋ ಹಾಕಿದರಾಯಿತು.

ಈಗ ಮಳೆಯ ವಿಷಯ. ಗಿಟಾರ್ ಮಾಡುವವರು ಸಾಮಾನ್ಯವಾಗಿ ಹೇಳುವುದು ಗಾಳಿಯ ತೇವ 45-50% ಇದ್ದರೆ ವಾದ್ಯಕ್ಕೆ ಒಳ್ಳೆಯದು ಅಂತ. ಆರಿದ್ರೆ ಮಳೆ ಹಿಡಿದ ಮೇಲೆ ಮಲೆನಾಡಿನಲ್ಲಿ ಈ ಮಾತು ನಗು ತರಿಸುತ್ತದೆ. ಪುಷ್ಯ ಮಳೆಯಲ್ಲಿ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಗಿಟಾರ್‌ನ ಮುಂಭಾಗ ಸ್ಪ್ರೂಸ್ ಮರದ ಮೂರು ಮಿಲಿಮೀಟರಿನಷ್ಟು ತೆಳು ಹಲಗೆ. ತೇವ ಕುಡಿದ ಮರ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಅಂಚುಗಳು ಅಂಟಿನಲ್ಲಿ ಭದ್ರವಾಗಿರುವುದರಿಂದ ಹಲಗೆಗೆ ಪಕ್ಕಕ್ಕೆ ಹೋಗಲು ಜಾಗವಿಲ್ಲ, ಮೇಲಕ್ಕೆ ಉಬ್ಬುತ್ತದೆ. ಅದರ ಮೇಲೆ ಕೂತ ಬ್ರಿಡ್ಜ್, ಅಂದರೆ ತಂತಿಗಳ ಕೆಳತುದಿ ಸಿಕ್ಕಿಸಿದ ಮರದ ಪಟ್ಟಿ, ಏರುತ್ತದೆ, ತಂತಿಗಳು ಏರುತ್ತವೆ. ಬೇಸಿಗೆಯಲ್ಲಿ ಸಲೀಸಾಗಿದ್ದ ಗಿಟಾರ್ ಜುಲೈನಲ್ಲಿ ಬಿಗಿಯಾಗುವುದು ಹೀಗೆ.

ಉಬ್ಬಿದ, ತೇವದಿಂದ ಮೆತ್ತಗಾದ ಹಲಗೆಯನ್ನು 74 ಕೆಜಿ ಎಳೆಯುತ್ತಾ ಇರಬೇಕಾ, 57 ಕೆಜಿ ಎಳೆದರೆ ಸಾಕಾ? ಮಳೆಗಾಲಕ್ಕೆ ಎಕ್ಸ್‌ಟ್ರಾ ಲೈಟ್ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಬ್ರಿಡ್ಜ್ ಅಂಟು ಬಿಟ್ಟು ಏಳುವ ಅಪಾಯವೂ ಕಡಿಮೆಯಾಗುತ್ತದೆ. ಒಂದು ತಮಾಷೆ ಅಂದರೆ, ಪ್ಲೈವುಡ್ ಹಲಗೆಯ ಅಗ್ಗದ ಗಿಟಾರ್ ಇಲ್ಲಿ ಗೆಲ್ಲುತ್ತದೆ. ಅದರ ಪದರಗಳ ಎಳೆ ಒಂದಕ್ಕೊಂದು ಅಡ್ಡಲಾಗಿ ಇರುವುದರಿಂದ ಹಿಗ್ಗುವುದು ಕಡಿಮೆ. ಇಡೀ ಮರದ ದುಬಾರಿ ಗಿಟಾರ್ ಇಟ್ಟುಕೊಂಡವರಿಗೇ ಚಿಂತೆ ಜಾಸ್ತಿ.

ಅಂದಹಾಗೆ, ಆ ದುಬಾರಿ ಗಿಟಾರ್‌ನ ಹಿಂಭಾಗ ನಮ್ಮ ಕಾಡಿನಲ್ಲೇ ಬೆಳೆಯುವ ಜಾತಿಯ ಮರದ್ದಾಗಿರಬಹುದು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟು ಭಾರತದ್ದಕ್ಕೆ ಬದಲಾಯಿಸಿತು. ಅದೇ ನಮ್ಮ ಬೀಟೆ. ಇಲ್ಲಿನ ಹಳೇ ಮನೆಗಳಲ್ಲಿ ಮಂಚ, ಕುರ್ಚಿಯಾಗಿರುವ ಮರ ಅಲ್ಲಿ ಗಿಟಾರ್‌ನ ಬೆನ್ನಾಗಿದೆ.

ತೆಳು ತಂತಿ ಹಾಕಿದ ಮೇಲೆ ಒಂದು ಕೆಲಸ ಮರೆಯಬಾರದು. ಎಳೆತ ಇಳಿದಾಗ ಮುಂದಕ್ಕೆ ಸ್ವಲ್ಪ ಬಾಗಿದ್ದ ಕುತ್ತಿಗೆ ನೆಟ್ಟಗಾಗುತ್ತದೆ. ಆಗ ತಂತಿ ಫ್ರೆಟ್‌ಗಳಿಗೆ ತಾಗಿ ಜುಂಯ್ ಅನ್ನಬಹುದು. ಕುತ್ತಿಗೆಯೊಳಗಿನ ಕಬ್ಬಿಣದ ಸಲಾಕೆ, ಟ್ರಸ್ ರಾಡ್, ಸ್ವಲ್ಪ ಸಡಿಲ ಮಾಡಿದರೆ ಸರಿಯಾಗುತ್ತದೆ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸಬೇಡಿ. ಅಭ್ಯಾಸ ಇಲ್ಲದಿದ್ದರೆ ಗೊತ್ತಿರುವವರಿಗೆ ಬಿಡಿ.

ತೆಳು ತಂತಿಗೆ ಮಳೆಗಾಲದಲ್ಲಿ ಒಂದು ಶತ್ರು ಇದೆ, ತುಕ್ಕು. ಬೆವರಿನ ಉಪ್ಪು, ಮಲೆನಾಡಿನ ತೇವ, ಬರೀ ಉಕ್ಕು: ಇನ್ನೇನು ಬೇಕು? ತುಕ್ಕು ಸುತ್ತಲೂ 0.02 ಮಿಲಿಮೀಟರ್ ತಿಂದಿತು ಅಂದುಕೊಳ್ಳಿ. 12ರ ತಂತಿಯಲ್ಲಿ ಕಾಲು ಭಾಗ ಉಕ್ಕು ಹೋಯಿತು, 10ರದ್ದರಲ್ಲಿ 29%. ಹೊಸದರಲ್ಲಿ ಇಬ್ಬರೂ ಸಮ, ಹಳತಾದಾಗ ತೆಳ್ಳಗಿನದ್ದು ಮೊದಲು ಸೋಲುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿಯ ಕೆಳಭಾಗವನ್ನೂ ಒರೆಸಿ. ಗೋಡೆಗೆ ತೂಗುಹಾಕುವುದು ಬಿಟ್ಟು ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿ ಇಡಬೇಡಿ, ಆ ಬಿಸಿಗೆ ಅಂಟು ಬಿಡುತ್ತದೆ. ಪ್ಲಾಸ್ಟಿಕ್ ಪೊರೆ ಇರುವ ಲೇಪಿತ ತಂತಿಗಳಿಗೆ ಬೆಲೆ ಜಾಸ್ತಿ, ಆದರೆ ಈ ಭಾಗದಲ್ಲಿ ಆ ಹಣ ದಂಡ ಅಲ್ಲ.

ನಾದದಲ್ಲಿ ನಷ್ಟ ಇದೆ, ಸುಮ್ನೆ ಮುಚ್ಚಿಡುವುದು ಬೇಡ. ಕಡಿಮೆ ಎಳೆತದ ತಂತಿ ಹಲಗೆಯನ್ನು ಅಲುಗಿಸುವ ಬಲವೂ ಕಡಿಮೆ. ದನಿ ಸಣ್ಣದಾಗುತ್ತದೆ, ಮಂದ್ರ ತೆಳುವಾಗುತ್ತದೆ. ಬೆರಳಿನಿಂದ ಮೀಟುವವರಿಗೆ ಇದು ಅಷ್ಟು ಕಾಡುವುದಿಲ್ಲ. ಗಮಕ ಪ್ರಯತ್ನಿಸುವವರಿಗಂತೂ ಲಾಭವೇ. ತಂತಿಯನ್ನು ಪಕ್ಕಕ್ಕೆ ಅಷ್ಟೇ ದೂರ ಎಳೆದರೆ ಸ್ವರ ಏರುವುದೂ ಅಷ್ಟೇ, ಬೆರಳಿಗೆ ಬೇಕಾದ ಬಲ ಮಾತ್ರ ಮೂರನೇ ಒಂದು ಭಾಗ ಕಡಿಮೆ. ಕೈ ಭಾರವಾಗಿರುವವರಿಗೆ ಇದೇ ತಿರುಗುಬಾಣ: ಜೋರಾಗಿ ಒತ್ತಿದರೆ ತೆಳು ತಂತಿ ಜಾಸ್ತಿ ಜಗ್ಗಿ ಅಪಸ್ವರ ಬರುತ್ತದೆ. ಗಣಪತಿ ಪೆಂಡಾಲಿನಲ್ಲಿ ಹತ್ತು ಜನರ ಮಧ್ಯೆ ಮೈಕಿಲ್ಲದೆ ಬಾರಿಸುವವರು 12ರಲ್ಲೇ ಇರುವುದು ಮೇಲು. ಎರಡೂ ಬೇಕು ಅನ್ನುವವರಿಗೆ 11 ಇದೆ.

ಕೊಳ್ಳುವ ಮುನ್ನ ನಿಮ್ಮ ಗಿಟಾರ್‌ನ ಮೇಲಿನ ಮೂರು ತಂತಿಗಳನ್ನು ಬಿಟ್ಟು ಕೆಳಗಿನ ಮೂರನ್ನು ಮುಟ್ಟಿ ನೋಡಿ. ಅವು ಮೂರೂ ಪಾರದರ್ಶಕ ನೈಲಾನ್ ಆಗಿದ್ದರೆ ಅದು ಕ್ಲಾಸಿಕಲ್ ಗಿಟಾರ್. ಅದನ್ನು ಕಟ್ಟಿರುವುದೇ ಒಟ್ಟು 40 ಕೆಜಿ ಆಸುಪಾಸಿನ ಎಳೆತಕ್ಕೆ. ಪ್ಯಾಕೆಟ್ ಮೇಲೆ ಎಕ್ಸ್‌ಟ್ರಾ ಲೈಟ್ ಅಂತ ಬರೆದಿದ್ದರೂ ಉಕ್ಕಿನ ಸೆಟ್ ಅದಕ್ಕೆ ಭಾರ. ಅಂಗಡಿಯಲ್ಲಿ ನೈಲಾನ್ ಸೆಟ್ಟನ್ನೇ ಕೇಳಿ ತನ್ನಿ.